ರಸಿಕರಂಗರೂ ಕಾದಂಬರಿಯ ಕಾಯಕವೂ

ಪ್ರವಚನದ ನಿಮಿತ್ತ ರೋಣ, ನರಗುಂದ, ಗಜೇಂದ್ರಗಡ ತಾಲೂಕುಗಳ ಊರುಗಳಿಗೆ ಹೋದಾಗ ಸದ್ಭಕ್ತರ ಮನೆಗಳಲ್ಲಿ ಮೇಲಿಂದ ಮೇಲೆ ಕೇಳಿಬರುವ ಪ್ರಶ್ನೆಯೊಂದುಂಟು. “ಶಾಸ್ತ್ರಿಗಳೇ, ಮಕ್ಕಳು ವಚನ ಓದಿದರೆ ನಮಗೆ ಸಂತೋಷ. ಕಾದಂಬರಿ ಓದುತ್ತ ಕುಳಿತರೆ ಅದು ಕಾಲಹರಣವಲ್ಲವೇ? ನಡೆಯದ ಸಂಗತಿಯನ್ನು ನಡೆದಂತೆ ಬರೆಯುವುದೂ ಒಂದು ಕಾಯಕವೇ?” ಮಕ್ಕಳ ಕೈಗೆ ಪುಸ್ತಕಕ್ಕಿಂತ ಮೊಬೈಲೇ ಬೇಗ ಸಿಕ್ಕುವ ಈ ದಿನಗಳಲ್ಲಿಯೂ ಈ ಶಂಕೆ ಹಿರಿಯರನ್ನು ಬಿಟ್ಟಿಲ್ಲ. ಪ್ರಾಮಾಣಿಕವಾದ ಶಂಕೆಗೆ ಸಮಾಧಾನ ಹೇಳುವುದು ಯೋಗ್ಯ. ನಮ್ಮ ಈ ಭಾಗದಲ್ಲಿಯೇ ಹುಟ್ಟಿ, ಬೇರೆ ಹಲವು ಕೃತಿಗಳೊಡನೆ ಕಾದಂಬರಿಗಳನ್ನೂ ಬರೆದ ಒಬ್ಬ ಹಿರಿಯರನ್ನು ಮುಂದಿಟ್ಟುಕೊಂಡು ಈ ತಿಂಗಳು ಅದನ್ನು ವಿಚಾರಿಸೋಣ.

ರೋಣ ತಾಲೂಕಿನ ಹೊಳೆಆಲೂರು ಮಲಪ್ರಭೆಯ ದಂಡೆಯ ಊರು. ಗದಗದಿಂದ ವಿಜಯಪುರದತ್ತ ಹೋಗುವ ರೈಲು ಮಾರ್ಗದಲ್ಲಿ ಅದೊಂದು ನಿಲ್ದಾಣ. ಸುತ್ತಲೂ ಎರೆಯ ಹೊಲ. ಹಿಂಗಾರಿಯಲ್ಲಿ ಬಿಳಿಜೋಳ, ಕಡಲೆ, ಕುಸುಬಿ. ಈ ಊರಿನಲ್ಲಿ ೧೯೦೬ರ ಜುಲೈ ೧೫ರಂದು ರಂ. ಶ್ರೀ. ಮುಗಳಿಯವರು ಜನಿಸಿದರು. ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ಕೂಡಿದ ಗೆಳೆಯರ ಗುಂಪಿನಲ್ಲಿ ಅವರೂ ಒಬ್ಬರು. ಮುಂದೆ ಸಾಂಗಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ, ಮರಾಠಿ ಮಾತಿನ ನಡುವೆ, ದೀರ್ಘಕಾಲ ಕನ್ನಡವನ್ನು ಕಲಿಸಿದರು. ಅವರ ‘ಕನ್ನಡ ಸಾಹಿತ್ಯ ಚರಿತ್ರೆ’ಗೆ ೧೯೫೬ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ೧೯೬೩ರಲ್ಲಿ ತುಮಕೂರಿನ ಸಿದ್ಧಗಂಗೆಯಲ್ಲಿ, ಲಿಂಗೈಕ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳ ಸನ್ನಿಧಿಯ ಆ ಪುಣ್ಯಕ್ಷೇತ್ರದಲ್ಲಿ, ಜರುಗಿದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ೧೯೯೩ರ ಫೆಬ್ರುವರಿಯಲ್ಲಿ ಅವರು ತೀರಿಕೊಂಡರು.

ನಮ್ಮ ಸಮಾಜದವರು ಮುಗಳಿಯವರನ್ನು ನೆನೆಯಲು ಮತ್ತೊಂದು ಕಾರಣವಿದೆ. ಕನ್ನಡ ಸಾಹಿತ್ಯವನ್ನು ಯುಗಗಳಾಗಿ ವಿಂಗಡಿಸುವಾಗ ಅವರು ಪಂಪಯುಗದ ತರುವಾಯದ ಕಾಲಕ್ಕೆ ‘ಬಸವಯುಗ’ವೆಂದು ಹೆಸರಿಟ್ಟರು. ಅರಮನೆಯ ಮನ್ನಣೆಗಾಗಿ ಒಂದು ಸಾಲನ್ನೂ ಬರೆಯದ ಅಣ್ಣನ ಹೆಸರು ಸಾಹಿತ್ಯದ ಒಂದು ಯುಗಕ್ಕೆ ಸಂದಿತು. ಇಂತಹ ಪಂಡಿತರು ಚರಿತ್ರೆ ಬರೆದು ಸುಮ್ಮನಾಗಲಿಲ್ಲ. ಕವಿತೆ, ನಾಟಕಗಳ ಜೊತೆಗೆ ‘ಬಾಳುರಿ’, ‘ಕಾರಣಪುರುಷ’, ‘ಅನ್ನ’ ಎಂಬ ಕಾದಂಬರಿಗಳನ್ನೂ ಬರೆದರು. ದಾಸೋಹವನ್ನು ಧರ್ಮವೆಂದು ನಂಬಿದ ಮನೆಗಳವರು ಒಂದು ಕಾದಂಬರಿಯ ಹೆಸರೇ ‘ಅನ್ನ’ ಎಂಬುದನ್ನು ಗಮನಿಸಬೇಕು.

ಮುಗಳಿಯವರು ತಮಗಾಗಿ ಆರಿಸಿಕೊಂಡ ಕಾವ್ಯನಾಮ ‘ರಸಿಕರಂಗ’. ಭಕ್ತರ ಶಂಕೆ ಹುಟ್ಟುವುದು ಇಂತಹ ಶಬ್ದದಿಂದಲೇ. ರಸಿಕನೆಂದರೆ ಭೋಗಿಯೆಂದು ನಾವು ಅರ್ಥಮಾಡಿಕೊಳ್ಳುತ್ತೇವೆ. ಆದರೆ ನಮ್ಮ ಶಾಸ್ತ್ರವೇ ಈ ಭ್ರಮೆಯನ್ನು ಕಳೆಯುತ್ತದೆ. ಪದಾರ್ಥದ ರೂಪನ್ನು ಇಷ್ಟಲಿಂಗಕ್ಕೆ, ರುಚಿಯನ್ನು ಪ್ರಾಣಲಿಂಗಕ್ಕೆ, ತೃಪ್ತಿಯನ್ನು ಭಾವಲಿಂಗಕ್ಕೆ ಅರ್ಪಿಸಿ ಪ್ರಸಾದವೆಂದು ಸ್ವೀಕರಿಸಬೇಕೆಂಬುದು ಶರಣರ ಮತ. ರುಚಿಯನ್ನೇ ಅರಿಯದವನು ಅರ್ಪಿಸುವುದಾದರೂ ಏನನ್ನು? ಭೋಗಿಯು ಉಂಡು ಮರೆಯುತ್ತಾನೆ. ಪ್ರಸಾದಿಯು ಅವಧಾನದಿಂದ ಉಂಡು ನೆನೆಯುತ್ತಾನೆ. ಕಾದಂಬರಿಕಾರನು ಮಾಡುವುದೂ ಇದನ್ನೇ. ಎಲ್ಲರೂ ಕಂಡು ಮರೆತದ್ದನ್ನು ಆತ ಅವಧಾನದಿಂದ ನೆನೆದು ಬರೆಯುತ್ತಾನೆ.

ಅವನ ಬಂಡವಾಳವೂ ನಮ್ಮ ನಿಮ್ಮ ಮನೆಯದೇ. ಬೆಳಗಿನ ಜಾವ ಹೊರಗೆ ಕೇಳುವ ರೊಟ್ಟಿ ಬಡಿಯುವ ಸಪ್ಪಳ, ಬಿಸಿರೊಟ್ಟಿಯ ಮೇಲಿನ ಬೆಣ್ಣೆ, ಎಳ್ಳ ಅಮವಾಸ್ಯೆಯಂದು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವ ಸಂಭ್ರಮ, ತೆನೆ ಹಾಲುಗಟ್ಟಿದಾಗ ಸುಟ್ಟು ತಿನ್ನುವ ಸೀತನಿಯ ಸವಿ, ಗಜೇಂದ್ರಗಡದ ಓಣಿಗಳಲ್ಲಿ ಕೇಳಿಬರುವ ಮಗ್ಗದ ಲಯ, ಸಂಜೆ ಗುಡಿಯ ಕಟ್ಟೆಯ ಮೇಲಿನ ಹಿರಿಯರ ಮಾತು. ಇವುಗಳಿಗೆ ಹಣ ಬೇಕಿಲ್ಲ, ಅವಧಾನವೊಂದು ಬೇಕು. ಸಂಗೀತಲೋಕದ ಭೀಮಸೇನ ಜೋಶಿಯವರೂ ೧೯೨೨ರಲ್ಲಿ ರೋಣದಲ್ಲಿಯೇ ಜನಿಸಿದರು. ಒಣಭೂಮಿಯೆಂದು ನಾವೇ ಹಳಿಯುವ ಈ ನೆಲದಲ್ಲಿ ರಸಕ್ಕೆ ಎಂದೂ ಬರಗಾಲವಿರಲಿಲ್ಲವೆಂಬುದಕ್ಕೆ ಇವರಿಬ್ಬರ ಹೆಸರುಗಳೇ ಸಾಕ್ಷಿ.

ಸಾಮಾನ್ಯರ ಬದುಕನ್ನು ಕಥೆಯಾಗಿಸುವುದು ಪಶ್ಚಿಮದಿಂದ ಬಂದ ಚಾಳಿಯೆಂದು ಕೆಲವರು ಹೇಳುವುದುಂಟು. ಗದ್ಯದಲ್ಲಿ ನೀಳ್ಗತೆಯಾಗಿ ಬರೆಯುವ ರೂಪವು ಹೊಸದು, ನಿಜ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಎಣಿಸಲಾಗುವ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಹೊರಬಂದದ್ದು ೧೮೯೯ರಲ್ಲಿ. ಆದರೆ ಅದರ ಒಳಗಿನ ದೃಷ್ಟಿ ನಮಗೆ ಹೊಸದಲ್ಲ. ಹರಿಹರ ಕವಿಯು ಅರಸರ ಗೊಡವೆ ಬಿಟ್ಟು ಶರಣರ ಕಥೆಗಳನ್ನು ರಗಳೆಗಳಲ್ಲಿ ಹೇಳಿದನು. ಕುಂಬಾರ ಗುಂಡಯ್ಯನು ಮಡಕೆ ತಟ್ಟುವ ಸಪ್ಪಳಕ್ಕೆ ಸಾಕ್ಷಾತ್ ಶಿವನೇ ಕುಣಿದನೆಂದು ಅವನ ರಗಳೆಯು ಸಾರುತ್ತದೆ. ದಿನನಿತ್ಯದ ದುಡಿಮೆಯ ಸಪ್ಪಳದಲ್ಲಿ ದೈವವನ್ನು ಕುಣಿಸಿದ ಕವಿಯನ್ನು ಪೂಜಿಸುವ ನಾವು, ಅದೇ ಸಪ್ಪಳಕ್ಕೆ ಕಿವಿಗೊಟ್ಟು ಬರೆಯುವ ಕಾದಂಬರಿಕಾರನನ್ನು ಕಾಲಹರಣದವನೆಂದು ದೂರಲಾಗದು.

ಇನ್ನು ಕಾಯಕದ ವಿಷಯ. ಕಾಯಕಕ್ಕೆ ಮೂರು ಲಕ್ಷಣಗಳುಂಟು: ನಿತ್ಯವೂ ಮಾಡುವುದು, ಸತ್ಯಶುದ್ಧವಾಗಿ ಮಾಡುವುದು, ಫಲವನ್ನು ಹಂಚುವುದು. ಕಾದಂಬರಿಯು ಒಂದು ರಾತ್ರಿಯ ಸ್ಫೂರ್ತಿಯಿಂದ ಮುಗಿಯುವುದಿಲ್ಲ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ಗೊತ್ತಾದ ಹೊತ್ತಿನಲ್ಲಿ ಕುಳಿತು ಬರೆಯಬೇಕು. ಬರೆದದ್ದನ್ನು ಒಡೆದು ಮತ್ತೆ ಕಟ್ಟಬೇಕು. ಕನ್ನಡದ ಬಹುತೇಕ ಕಾದಂಬರಿಕಾರರು ಹೊಟ್ಟೆಪಾಡಿಗೆ ಬೇರೊಂದು ವೃತ್ತಿಯನ್ನು ನಡೆಸುತ್ತಲೇ ಈ ವ್ರತವನ್ನು ಪಾಲಿಸಿದವರು. ಮುಗಳಿಯವರು ಪ್ರಾಧ್ಯಾಪಕರು. ಹಾವೇರಿ ಸೀಮೆಯ ಗಳಗನಾಥರು (೧೮೬೯–೧೯೪೨) ಶಾಲಾ ಶಿಕ್ಷಕರಾಗಿದ್ದವರು. ಕಾದಂಬರಿ ಬರೆದು ಅಚ್ಚು ಹಾಕಿಸಿ, ಆ ಪುಸ್ತಕಗಳ ಹೊರೆಯನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಗದಗದ ಸಮೀಪದ ಹೊಂಬಳದಲ್ಲಿ ೧೯೦೪ರಲ್ಲಿ ಹುಟ್ಟಿದ ಜಿ. ಬಿ. ಜೋಶಿಯವರು ೧೯೩೩ರಲ್ಲಿ ಧಾರವಾಡದಲ್ಲಿ ಮನೋಹರ ಗ್ರಂಥಮಾಲೆಯನ್ನು ಸ್ಥಾಪಿಸಿ, ಚಂದಾ ತೆತ್ತ ಓದುಗರ ಮನೆಗಳಿಗೆ ಕನ್ನಡ ಪುಸ್ತಕಗಳನ್ನು ಮುಟ್ಟಿಸಿದರು. ತಲೆಹೊರೆಯಲ್ಲಿ ಬಂದ ಪುಸ್ತಕವೂ ಅಂಚೆಯಲ್ಲಿ ಬಂದ ಪುಸ್ತಕವೂ ಅಕ್ಷರದಾಸೋಹವಲ್ಲದೆ ಮತ್ತೇನು?

ತಾಯಂದಿರಿಗಾಗಿ ಇಲ್ಲಿ ಮಲೆನಾಡಿನ ಎಂ. ಕೆ. ಇಂದಿರಾ ಅವರ ಹೆಸರನ್ನು ಹೇಳಬೇಕು. ೧೯೧೭ರಲ್ಲಿ ಹುಟ್ಟಿದ ಅವರ ‘ತುಂಗಭದ್ರಾ’ ಪ್ರಕಟವಾದದ್ದು ೧೯೬೩ರಲ್ಲಿ. ಅಷ್ಟರಲ್ಲಿ ಅವರ ವಯಸ್ಸು ನಲವತ್ತೈದನ್ನು ದಾಟಿತ್ತು. ಅಲ್ಲಿಯವರೆಗೆ ಗೃಹಿಣಿಯಾಗಿ ಕಂಡದ್ದು, ಹಿರಿಯರ ಬಾಯಿಂದ ಕೇಳಿದ್ದು, ಮುಂದೆ ಅವರ ಬರಹದ ಬೀಜವಾಯಿತು. ೧೯೭೬ರ ‘ಫಣಿಯಮ್ಮ’ ಅಂತಹ ಕೇಳಿದ ಬದುಕಿನಿಂದ ಮೂಡಿದ ಕೃತಿ. ಅಡುಗೆಮನೆಯಲ್ಲಿ ಕಳೆದ ವರ್ಷಗಳು ವ್ಯರ್ಥವಾದವೆಂದು ಕೊರಗುವ ತಾಯಂದಿರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಈಗ ಶಂಕೆಯ ಗಟ್ಟಿಯಾದ ಭಾಗಕ್ಕೆ ಬರೋಣ. “ಕಾದಂಬರಿಕಾರರು ಗುರುಮಠಗಳನ್ನೇ ಹಳಿಯುತ್ತಾರೆ, ಅಂತಹದನ್ನು ಮಕ್ಕಳಿಗೆ ಹೇಗೆ ಕೊಡುವುದು?” ಎಂಬ ಮಾತು ನಿರಾಧಾರವಲ್ಲ. ನಮ್ಮ ಸಮಾಜದವರೇ ಆದ ಬಸವರಾಜ ಕಟ್ಟೀಮನಿಯವರು (೧೯೧೯–೧೯೮೯) ‘ಜರತಾರಿ ಜಗದ್ಗುರು’ ಎಂಬ ಕಾದಂಬರಿಯಲ್ಲಿ ಮಠಾಧಿಪತ್ಯದ ಮರೆಯಲ್ಲಿ ನಡೆಯುವ ಕಪಟವನ್ನು ಬಯಲಿಗೆಳೆದರು. ಅವರು ೧೯೪೨ರ ಚಳವಳಿಯಲ್ಲಿ ಸೆರೆಮನೆ ಕಂಡವರು, ಪತ್ರಿಕೆಗಳಲ್ಲಿ ದುಡಿದವರು, ‘ಜ್ವಾಲಾಮುಖಿಯ ಮೇಲೆ’ ಕಾದಂಬರಿಗೆ ೧೯೬೮ರಲ್ಲಿ ಸೋವಿಯತ್ ಲ್ಯಾಂಡ್ ನೆಹರೂ ಪ್ರಶಸ್ತಿ ಪಡೆದವರು, ೧೯೮೦ರ ಬೆಳಗಾವಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಅವರನ್ನು ಧರ್ಮದ್ವೇಷಿಯೆಂದು ದೂಡಿಬಿಡುವುದು ಸುಲಭವಲ್ಲ, ಯೋಗ್ಯವೂ ಅಲ್ಲ.

ನಾನು ಮಠದ ಅನ್ನ ಉಂಡು, ಮಠದಲ್ಲಿಯೇ ಅಕ್ಷರ ಕಲಿತವನು. ಆದುದರಿಂದಲೇ ಈ ಮಾತನ್ನು ನಿಃಸಂಕೋಚವಾಗಿ ಹೇಳುತ್ತೇನೆ: ಅಂತಹ ಕಾದಂಬರಿಗೆ ನಿಜವಾದ ಮಠ ಅಂಜಬೇಕಿಲ್ಲ. ವೇಷಧಾರಿಗಳನ್ನು ಮೊದಲು ಜರಿದವರು ನಮ್ಮ ಶರಣರೇ. ಅಂಬಿಗರ ಚೌಡಯ್ಯನ ನಿಷ್ಠುರದ ಮುಂದೆ ಯಾವ ಕಾದಂಬರಿಕಾರನ ಟೀಕೆಯೂ ಮೃದುವೇ. ಕನ್ನಡಿಯು ಮುಖದ ಮಸಿಯನ್ನು ತೋರಿದರೆ ಒರೆಸಿಕೊಳ್ಳಬೇಕಾದದ್ದು ಮುಖವನ್ನು. ಹಾಗೆಂದು ಕಾದಂಬರಿ ಬರೆದದ್ದೆಲ್ಲವೂ ಪೂರ್ಣಸತ್ಯವೆಂದಲ್ಲ. ಸಾವಿರಾರು ಬಡಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನಿತ್ತ ಮಠಗಳ ಕಥೆಯೂ ಸತ್ಯವೇ. ಗದಗದ ತೋಂಟದಾರ್ಯ ಮಠದ ಲಿಂಗೈಕ್ಯ ಡಾ. ಸಿದ್ಧಲಿಂಗ ಮಹಾಸ್ವಾಮಿಗಳು (೧೯೪೯–೨೦೧೮) ವೀರಶೈವ ಅಧ್ಯಯನ ಸಂಸ್ಥೆಯ ಮೂಲಕ ನೂರಾರು ಗ್ರಂಥಗಳನ್ನು ಬೆಳಕಿಗೆ ತಂದು, ‘ಪುಸ್ತಕದ ಸ್ವಾಮಿಗಳು’ ಎಂದು ಜನರ ಪ್ರೀತಿಗೆ ಪಾತ್ರರಾದರು. ಕೆಡುಕನ್ನು ಕಂಡವನು ಅದನ್ನು ಬರೆದನು. ಒಳಿತನ್ನು ಕಂಡವರು ಅದನ್ನು ಬರೆಯಬೇಕು. ಬರೆದವನನ್ನು ಸುಮ್ಮನಾಗಿಸುವುದರಿಂದ ಒಳಿತಿನ ಕಥೆ ತಾನಾಗಿ ಹುಟ್ಟಲಾರದು.

ಬರೆಯದೆ ಉಳಿದದ್ದು ಎಷ್ಟಿದೆ ಎಂಬುದನ್ನು ಈ ಮೂರು ತಾಲೂಕುಗಳಲ್ಲಿಯೇ ನೋಡಬಹುದು. ನರಗುಂದದ ಬಾಬಾಸಾಹೇಬರು ಆಂಗ್ಲರ ವಿರುದ್ಧ ಎದ್ದು, ೧೮೫೮ರ ಜೂನ್ ೧೨ರಂದು ಬೆಳಗಾವಿಯಲ್ಲಿ ಗಲ್ಲಿಗೇರಿದರೆಂದು ಇತಿಹಾಸ ಹೇಳುತ್ತದೆ. ಆ ರಾತ್ರಿಗಳಲ್ಲಿ ಕೋಟೆಯ ಕೆಳಗಿನ ಮನೆಗಳಲ್ಲಿ ಹೆಂಗಸರು ಏನು ಮಾತಾಡಿಕೊಂಡರು? ಅದನ್ನು ಇತಿಹಾಸ ಹೇಳದು, ಕಾದಂಬರಿ ಹೇಳಬಲ್ಲುದು. ಮಲಪ್ರಭಾ ಯೋಜನೆಯ ಅಭಿವೃದ್ಧಿ ಕರ, ನೀರಿನ ಕರಗಳ ಭಾರಕ್ಕೆ ಬೇಸತ್ತು ೧೯೮೦ರ ಜುಲೈ ೨೧ರಂದು ನರಗುಂದ, ನವಲಗುಂದಗಳಲ್ಲಿ ರೈತರು ಎದ್ದರು, ಗುಂಡಿಗೆ ಬಲಿಯಾದರು. ೨೦೦೯ರಲ್ಲಿಯೂ ೨೦೧೯ರಲ್ಲಿಯೂ ಮಲಪ್ರಭೆ ಉಕ್ಕಿ ದಂಡೆಯ ಊರುಗಳಿಗೆ ನುಗ್ಗಿತು. ನೀರು ಬರಲಿಲ್ಲವೆಂದು ಅತ್ತ ನೆಲವೇ ನೀರು ಹೆಚ್ಚಾಯಿತೆಂದು ಅತ್ತಿತು. ತಲೆತಲಾಂತರದ ಮನೆಯನ್ನು ಬಿಟ್ಟು ನವಗ್ರಾಮದ ಪುಟ್ಟ ಮನೆಗೆ ಹೋಗಬೇಕಾದ ಅಜ್ಜಿಯು ದೇವರ ಜಗಲಿಯನ್ನು ಎಲ್ಲಿ ಹೂಡಿದಳು? ಕೈಮಗ್ಗ ಬಿಟ್ಟು ಊರು ತೊರೆದ ಗಜೇಂದ್ರಗಡದ ನೇಕಾರನ ಮಗನಿಗೆ ಕನಸಿನಲ್ಲಿ ಯಾವ ಸಪ್ಪಳ ಕೇಳುತ್ತದೆ? ವರದಿಗಳಲ್ಲಿ ಇವುಗಳಿಗೆ ಸ್ಥಳವಿಲ್ಲ. ಇವನ್ನು ಬಲ್ಲ ಹಿರಿಯರು ಒಬ್ಬೊಬ್ಬರಾಗಿ ಲಿಂಗದೊಳಗಾಗುತ್ತಿದ್ದಾರೆ. ಅವರೊಡನೆ ಕಥೆಗಳೂ ಹೋಗುತ್ತವೆ.

ಆದುದರಿಂದ ಸದ್ಗೃಹಸ್ಥರಲ್ಲಿ ನನ್ನ ವಿನಂತಿ ಇಷ್ಟು. ಪೂಜಾಗೃಹದ ಪಕ್ಕದಲ್ಲಿ ಒಂದು ಪುಟ್ಟ ಕಪಾಟು ಇರಲಿ. ವಚನಸಂಪುಟದ ಬದಿಗೆ ನಾಲ್ಕು ಒಳ್ಳೆಯ ಕಾದಂಬರಿಗಳಿರಲಿ. ಮಕ್ಕಳು ಓದಿದ್ದನ್ನು ಊಟದ ಹೊತ್ತಿನಲ್ಲಿ ಕೇಳಿರಿ. ಒಪ್ಪದಿದ್ದರೆ ವಾದಿಸಿರಿ, ಪುಸ್ತಕವನ್ನು ಮಾತ್ರ ಕಸಿದುಕೊಳ್ಳಬೇಡಿರಿ. ಮನೆಯ ಹಿರಿಯರು ಹೇಳುವ ಹಳೆಯ ಸಂಗತಿಗಳನ್ನು ಅವರದೇ ಮಾತಿನಲ್ಲಿ ಒಂದು ವಹಿಯಲ್ಲಿ ಬರೆದಿಡಲು ಮಕ್ಕಳಿಗೆ ತಿಳಿಸಿರಿ. ಬರೆಯುವ ಹಂಬಲವುಳ್ಳ ಸೊಸೆಯಿದ್ದರೆ ದಿನಕ್ಕೆ ಒಂದು ತಾಸು ಅವಳನ್ನು ಯಾರೂ ಕರೆಯದಂತೆ ನೋಡಿಕೊಳ್ಳಿರಿ. ಆ ಒಂದು ತಾಸೂ ದಾಸೋಹವೇ.

ಹೊಳೆಆಲೂರಿನ ಒಂದು ಕೂಸು ಒಂದು ಯುಗಕ್ಕೆ ಬಸವಣ್ಣನ ಹೆಸರನ್ನಿಟ್ಟಿತು. ನಿಮ್ಮ ಮನೆಯ ಕೂಸು ನಿಮ್ಮ ಊರಿನ ಕಥೆಗೆ ಒಂದು ಹೆಸರಿಡಲಿ. ಅದಕ್ಕೆ ಬೇಕಾದ ಅವಧಾನವನ್ನೂ ನಿಷ್ಠೆಯನ್ನೂ ಕೂಡಲಸಂಗಮನಾಥನು ಎಲ್ಲರಿಗೂ ಕರುಣಿಸಲಿ.