‘ದೋಷ’ ಎಂಬ ಪದವನ್ನು ಕಪ್ಪುಹಲಗೆಯಿಂದ ಅಳಿಸೋಣ

ಕಳೆದ ಅಭ್ಯಾಸ ಬೋಧನೆಯಲ್ಲಿ ಪಿಯು ತರಗತಿಯೊಂದರ ಜೀವಶಾಸ್ತ್ರ ಪಾಠ ವೀಕ್ಷಿಸುತ್ತಿದ್ದೆ. ಪ್ರಶಿಕ್ಷಣಾರ್ಥಿ ಕಪ್ಪುಹಲಗೆಯ ಮೇಲೆ ಅಂದವಾಗಿ ಬರೆದರು: ‘ಉತ್ಪರಿವರ್ತನೆ ಎಂದರೆ ವಂಶವಾಹಿಯಲ್ಲಿ ಉಂಟಾಗುವ ದೋಷ.’ ಉದಾಹರಣೆ, ಕುಡಗೋಲು ಕಣ ರಕ್ತಹೀನತೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: ‘ಮೇಡಂ, ನನ್ನ ತಮ್ಮನಿಗೆ ಅದೇ ಇದೆ. ಹಾಗಾದ್ರೆ ಅದು ಅಪ್ಪ ಅಮ್ಮನ ದೋಷವಾ?’ ‘ಆಮೇಲೆ ಹೇಳ್ತೀನಿ, ಕೂತ್ಕೋ ಅಮ್ಮ’ ಎಂದರು. ಗಂಟೆ ಹೊಡೆಯಿತು. ನಾನೂ ವೀಕ್ಷಣಾ ಪುಸ್ತಕದಲ್ಲಿ ‘ಕಪ್ಪುಹಲಗೆ ಬಳಕೆ ಉತ್ತಮ’ ಎಂದು ಬರೆದು ಸಹಿ ಹಾಕಿದೆ. ಆ ಸಹಿ ಈಗಲೂ ನನ್ನನ್ನು ಚುಚ್ಚುತ್ತದೆ.

ಚಾಮರಾಜನಗರ, ಮೈಸೂರು, ಕೊಡಗಿನ ಕಾಡಂಚಿನ ಬುಡಕಟ್ಟು ಸಮುದಾಯಗಳಲ್ಲಿ ಈ ಕಾಯಿಲೆ ಇದೆ. ನಮಗೆ ಅದು ಪಠ್ಯದ ಉದಾಹರಣೆ. ಕೆಲವು ಮಕ್ಕಳಿಗೆ ಮನೆಯ ಮಾತು. ಆದ್ದರಿಂದ ಪದದ ಆಯ್ಕೆ ಇಲ್ಲಿ ಬರೀ ಭಾಷೆಯ ಪ್ರಶ್ನೆಯಲ್ಲ. ಅಲ್ಲದೆ ‘ದೋಷ’ ವೈಜ್ಞಾನಿಕವಾಗಿಯೂ ತಪ್ಪು. ಉತ್ಪರಿವರ್ತನೆ ಎಂದರೆ ಬದಲಾವಣೆ, ಅಷ್ಟೇ. ಅದು ಕೆಡುಕೋ, ಒಳಿತೋ, ಏನೂ ಅಲ್ಲವೋ ಎಂಬುದು ಆಮೇಲಿನ ಮಾತು.

ಇದನ್ನು ತೋರಿಸಲು ಒಂದೇ ಸಂಕೇತ ಸಾಕು. ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯ ಆರನೆಯ ಸ್ಥಾನಕ್ಕೆ ಜಿಎಜಿ ಎಂಬ ಸಂಕೇತವಿದೆ. ಅದರ ಅರ್ಥ ಗ್ಲುಟಾಮಿಕ್ ಆಮ್ಲ. ಕೊನೆಯ ಅಕ್ಷರ ಬದಲಾಗಿ ಜಿಎಎ ಆದರೂ ಅದೇ ಆಮ್ಲ ಬರುತ್ತದೆ, ಏನೂ ಆಗುವುದಿಲ್ಲ. ನಡುವಿನ ಅಕ್ಷರ ಬದಲಾಗಿ ಜಿಟಿಜಿ ಆದರೆ ವ್ಯಾಲೀನ್ ಬರುತ್ತದೆ. ತಂದೆ ತಾಯಿ ಇಬ್ಬರಿಂದಲೂ ಇದೇ ಪ್ರತಿ ಬಂದರೆ ಕಾಯಿಲೆ. ಒಬ್ಬರಿಂದ ಮಾತ್ರ ಬಂದರೆ ಸಾಮಾನ್ಯವಾಗಿ ಆರೋಗ್ಯವಂತ ವಾಹಕ. ಜೊತೆಗೆ ತೀವ್ರ ಮಲೇರಿಯಾದಿಂದ ರಕ್ಷಣೆಯೂ ಉಂಟು. ಇದನ್ನು ಬಲ್ಲ ಶಿಕ್ಷಕ ‘ದೋಷ’ ಎಂದು ಹೇಗೆ ಬರೆದಾನು?

ವಿಧಗಳನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಿಸುವ ಬದಲು ಕನ್ನಡವನ್ನೇ ಬಳಸಿರಿ. ಮೂರು ಮೂರು ಅಕ್ಷರದ ಪದಗಳಿರಲಿ: ‘ರಮಣ ಕದವ ತೆರೆದ’. ‘ತೆ’ಯ ಜಾಗದಲ್ಲಿ ‘ಬ’ ಬಂದರೆ ‘ರಮಣ ಕದವ ಬರೆದ’: ಪಲ್ಲಟ. ‘ಮ’ವನ್ನು ತೆಗೆದು ಮತ್ತೆ ಮೂರು ಮೂರಾಗಿ ಓದಿಸಿರಿ: ‘ರಣಕ ದವತೆ ರೆದ’. ಚೌಕಟ್ಟೇ ಸರಿಯಿತು. ಒಂದು ಅಕ್ಷರ ಸೇರಿಸಿದರೂ ಇದೇ ಪಾಡು. ಆದರೆ ‘ಕದವ’ದ ಮೂರೂ ಅಕ್ಷರ ಹೋದರೆ ‘ರಮಣ ತೆರೆದ’ ಎಂದು ಓದಬಹುದು. ಮಕ್ಕಳು ನಗುತ್ತಾರೆ, ಮರೆಯುವುದಿಲ್ಲ. ಜೀವಕೋಶದಲ್ಲಿ ಪದಗಳ ನಡುವೆ ಜಾಗ ಬಿಡುವುದಿಲ್ಲ ಎಂಬುದನ್ನು ಮಾತ್ರ ಹೇಳಲೇಬೇಕು.

ಡಿಎನ್‌ಎ ಸುತ್ತುವಿಕೆಯ ಪಾಠವನ್ನೂ ಇದರಿಂದ ಬೇರ್ಪಡಿಸಬಾರದು. ಸುಮಾರು 2 ಮೀಟರ್ ಎಳೆ ಕೆಲವೇ ಮೈಕ್ರೋಮೀಟರ್ ಅಗಲದ ಕೋಶಕೇಂದ್ರದಲ್ಲಿ ಅಡಗಿದೆ. ಎಂಟು ಹಿಸ್ಟೋನ್‌ಗಳ ಗುಂಪಿಗೆ ಸುಮಾರು 147 ಪ್ರತ್ಯಾಮ್ಲ ಜೋಡಿಗಳು ಸುತ್ತಿ ನ್ಯೂಕ್ಲಿಯೋಸೋಮ್ ಆಗುತ್ತದೆ. ನಮ್ಮವರು ದಾರದ ಉಂಡೆ ತೋರಿಸಿ ಇಲ್ಲಿಗೇ ನಿಲ್ಲಿಸುತ್ತಾರೆ. ಕೋಶ ವಿಭಜನೆಯಾಗುವಾಗ ಎಳೆ ಇನ್ನೂ ಬಿಗಿಯಾಗಿ ಮಡಚಿಕೊಳ್ಳುವುದರಿಂದಲೇ ವರ್ಣತಂತುಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಬಹುದು. ಡೌನ್ ಸಿಂಡ್ರೋಮ್‌ನ ಹೆಚ್ಚುವರಿ 21ನೆಯ ವರ್ಣತಂತು ಅಲ್ಲಿ ಕಾಣುತ್ತದೆ. ಕುಡಗೋಲು ಕಣದ ಒಂದಕ್ಷರದ ಬದಲಾವಣೆ ಕಾಣುವುದಿಲ್ಲ. ಅದರ ಸುಳಿವು 1956ರಲ್ಲಿ ವರ್ನನ್ ಇಂಗ್ರಾಮ್ ಅವರಿಗೆ ಸಿಕ್ಕಿದ್ದು ಹಿಮೋಗ್ಲೋಬಿನ್ನನ್ನು ತುಂಡರಿಸಿ ಹೋಲಿಸಿದಾಗ.

ಇಷ್ಟಕ್ಕೆಲ್ಲ ಅವಧಿ ಸಾಲದು ಎನ್ನಬಹುದು. ವಿಧಗಳ ಪಟ್ಟಿ ನೋಟ್ಸ್‌ನಲ್ಲಿ ಬರಲಿ, ಅವಧಿ ಉಳಿಯುತ್ತದೆ. ಪಾಠ ಯೋಜನೆಯಲ್ಲಿ ‘ಮಕ್ಕಳು ಕೇಳಬಹುದಾದ ಪ್ರಶ್ನೆ’ ಎಂಬ ಅಂಕಣವೊಂದಿರಲಿ. ವೀಕ್ಷಕರಾದ ನಾವೂ ಅದನ್ನು ನೋಡಿಯೇ ಸಹಿ ಹಾಕೋಣ. ಆದರೆ ಉದಾಹರಣೆಗೆಂದು ಯಾವ ಮಗುವನ್ನೂ ಬೊಟ್ಟು ಮಾಡಿ ತೋರಿಸಬಾರದು.

ಆ ಹುಡುಗಿಗೆ ಅಂದೇ ಹೇಳಬೇಕಾಗಿದ್ದ ಉತ್ತರ ಚಿಕ್ಕದು: ‘ಇಲ್ಲಮ್ಮ, ಅದು ಯಾರ ತಪ್ಪೂ ಅಲ್ಲ. ಒಂದು ಅಕ್ಷರ ಬದಲಾಗಿದೆ, ಅಷ್ಟೆ.’