ಕೈಪಂಪೋ, ವಿದ್ಯುತ್ ಪಂಪೋ?

ಈ ಬಾರಿಯ ಬರಹದ ವಿಷಯ ನಮ್ಮ ಬಳಗದ ಕೆಲವರಿಗೆ, ಅದರಲ್ಲೂ ನನ್ನ ವಾರಿಗೆಯವರಿಗೆ, ತುಸು ಮುಜುಗರ ತಂದೀತು. ಎದೆಹಾಲನ್ನು ಪಂಪಿನಿಂದ ತೆಗೆದಿರಿಸಿ ಕೂಸಿಗೆ ಕುಡಿಸುವ ಮಾತು ಇದು. ಆದರೆ ನನ್ನ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ಎಳೆಯ ಕೂಸಿನ ತಾಯಂದಿರು. "ಟೀಚರ್, ಕೈಪಂಪು ಕೊಳ್ಳಲೋ, ಕರೆಂಟಿನದನ್ನೋ?" ಎಂದು ಕೇಳುವವರು ಹೆಚ್ಚುತ್ತಿದ್ದಾರೆ. ನಾನು ವೈದ್ಯಳಲ್ಲ, ಮೂರು ದಶಕಗಳ ಕಾಲ ವಿಜ್ಞಾನದ ಪಾಠ ಹೇಳಿದವಳು. ಆ ಸಲುಗೆಯಿಂದಲೇ ಒಂದೆರಡು ಮಾತು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಪ್ರಶ್ನೆಗೆ ಉತ್ತರ ಅಂಗಡಿಯಲ್ಲಿಲ್ಲ, ತಾಯಿಯ ದಿನಚರಿಯಲ್ಲಿದೆ. ಆಕೆ ಕೂಸಿನಿಂದ ದಿನಕ್ಕೆ ಎಷ್ಟು ಹೊತ್ತು ದೂರವಿರುತ್ತಾಳೆ, ಹಾಲು ತೆಗೆಯಲು ಆಕೆಗೆ ಎಷ್ಟು ಬಿಡುವು ಸಿಗುತ್ತದೆ, ಬಾಗಿಲು ಹಾಕಿಕೊಳ್ಳಲು ಒಂದು ಜಾಗವಿದೆಯೇ ಎಂಬುದನ್ನು ತಿಳಿಯದೆ ಪಂಪಿನ ಬೆಲೆಯನ್ನು ಚರ್ಚಿಸುವುದು ವ್ಯರ್ಥ.

ಹಾಲು ಬರುವ ಬಗೆಯನ್ನು ಸ್ವಲ್ಪ ನೆನಪಿಸಿಕೊಳ್ಳೋಣ. ಕೂಸು ಚೀಪಿದಾಗ ತಾಯಿಯ ಶರೀರದಲ್ಲಿ ಎರಡು ಹಾರ್ಮೋನುಗಳು ಕೆಲಸ ಮಾಡುತ್ತವೆ. ಪ್ರೊಲ್ಯಾಕ್ಟಿನ್ ಹಾಲನ್ನು ತಯಾರಿಸುತ್ತದೆ. ಆಕ್ಸಿಟೋಸಿನ್ ಅದನ್ನು ಹೊರಕ್ಕೆ ಹರಿಸುತ್ತದೆ. ನಮ್ಮ ಹಳ್ಳಿಗಳಲ್ಲಿ ಹಸು ಸೊರ ಬಿಡುವುದು ಎನ್ನುತ್ತಾರಲ್ಲ, ಇದೂ ಹಾಗೆಯೇ. ಗಾಬರಿ, ನೋವು, ಅವಸರಗಳಿದ್ದರೆ ಹಾಲಿದ್ದೂ ಇಳಿಯುವುದಿಲ್ಲ. ಇನ್ನೊಂದು ನಿಯಮ: ಎದೆ ಬರಿದಾದಷ್ಟೂ ಹಾಲು ಊರುತ್ತದೆ, ಕಟ್ಟಿಕೊಂಡು ನಿಂತರೆ ಉತ್ಪತ್ತಿ ತಗ್ಗುತ್ತದೆ. ಆದ್ದರಿಂದ ಪಂಪಿನ ಎಳೆತ ಜೋರಾದಷ್ಟೂ ಹಾಲು ಹೆಚ್ಚು ಬರುತ್ತದೆಂಬುದು ತಪ್ಪು ತಿಳಿವಳಿಕೆ. ನೋವಾಗುವಷ್ಟು ಎಳೆದರೆ ಹಾಲು ಇಳಿಯುವುದೇ ನಿಂತೀತು, ಮೊಲೆತೊಟ್ಟು ಗಾಯವಾದೀತು.

ಎಲ್ಲ ಪಂಪುಗಳಿಗಿಂತ ಮೊದಲಿನದು ತಾಯಿಯ ಕೈ. ಹೆರಿಗೆಯಾದ ಮೊದಲ ದಿನಗಳಲ್ಲಿ ಬರುವ ಗಿಣ್ಣುಹಾಲು ಮಂದವಾಗಿ, ಸ್ವಲ್ಪವೇ ಇರುತ್ತದೆ. ಪಂಪಿನ ಪ್ಲಾಸ್ಟಿಕ್ಕಿಗೆ ಅಂಟಿ ಹಾಳಾಗುವ ಆ ಕೆಲವು ಹನಿಗಳನ್ನು ಕೈಯಿಂದ ಹಿಂಡಿ ಒಳಲೆಗೆ ಇಳಿಸುವುದೇ ಲೇಸು. ಹಾಲು ತೆಗೆಯುವ ವಿಧಾನಗಳ ಕುರಿತ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ 2016ರ ಕಾಕ್ರೇನ್ ವಿಮರ್ಶೆಯೂ ಇದನ್ನು ಪುಷ್ಟೀಕರಿಸುತ್ತದೆ. ಕೈಯಿಂದ ಹಿಂಡುವುದು, ಎದೆಗೆ ಬಿಸುಪು ಕೊಡುವುದು, ನೀವುವುದು, ಕಡಿಮೆ ಬೆಲೆಯ ಪಂಪು ಮೊದಲಾದವು ಕೆಲವು ವಿಷಯಗಳಲ್ಲಿ ದೊಡ್ಡ ವಿದ್ಯುತ್ ಪಂಪಿಗೆ ಸಮನಾಗಿ ಅಥವಾ ಮಿಗಿಲಾಗಿ ಫಲ ಕೊಡಬಹುದು. ತಕ್ಕ ವಿಧಾನ ಯಾವುದೆಂಬುದು ತಾಯಿ, ಮಗು, ಉದ್ದೇಶಗಳನ್ನು ಅವಲಂಬಿಸಿದೆ ಎಂಬುದು ಅದರ ಸಾರ. ದುಬಾರಿ ಪಂಪು ಕೊಳ್ಳಲಾಗದ ತಾಯಿ ತನ್ನ ಮಗುವಿಗೆ ಏನೋ ಕೊರತೆ ಮಾಡಿದೆನೆಂದು ಕೊರಗಬೇಕಾದ ಕಾರಣವೇ ಇಲ್ಲ.

ಇನ್ನು ಕೈಪಂಪು. ಹಿಡಿಕೆಯನ್ನು ಅದುಮಿ ಬಿಡುವ ಈ ಸಾಧನಕ್ಕೆ ಕರೆಂಟು ಬೇಡ, ಸದ್ದಿಲ್ಲ, ಚೀಲದಲ್ಲಿ ಹಗುರ, ಬಿಡಿಭಾಗಗಳು ಕಡಿಮೆಯಾದ್ದರಿಂದ ತೊಳೆಯಲು ಸುಲಭ. ಎಳೆತದ ವೇಗ ತಾಯಿಯ ಕೈಯಲ್ಲೇ ಇರುತ್ತದೆ. ಮನೆಯಲ್ಲೇ ಇದ್ದು ಆಗೀಗ ಮದುವೆ ಮುಂಜಿಗೆ ಹೋಗಿಬರುವವರಿಗೆ, ಎದೆ ಕಟ್ಟಿದಾಗ ತುಸು ಹಗುರ ಮಾಡಿಕೊಳ್ಳಬೇಕಾದವರಿಗೆ ಇದು ಧಾರಾಳವಾಗಿ ಸಾಕು. ಆದರೆ ದಿನಕ್ಕೆ ಮೂರು ನಾಲ್ಕು ಬಾರಿ, ತಿಂಗಳುಗಟ್ಟಲೆ ಅದುಮಿದರೆ ಮಣಿಕಟ್ಟು ನೋಯುತ್ತದೆ.

ಒಂದು ಎಚ್ಚರಿಕೆ: ಗಾಜಿನ ಬುರುಡೆಗೆ ರಬ್ಬರಿನ ಚೆಂಡು ಜೋಡಿಸಿದ, ಸೈಕಲ್ ಹಾರನ್ನಿನಂತಿರುವ ಹಳೆಯ ಮಾದರಿಯನ್ನು ಯಾರಾದರೂ ಕೊಟ್ಟರೆ ಬೇಡವೆನ್ನಿ. ಹಾಲು ಆ ರಬ್ಬರಿನೊಳಗೆ ಹೋಗಿ ನಿಲ್ಲುತ್ತದೆ. ಅದನ್ನು ಪೂರ್ತಿ ಶುಚಿಮಾಡಲು ಬರುವುದೇ ಇಲ್ಲ.

ವಿದ್ಯುತ್ ಪಂಪು ಯಾರಿಗೆ? ದಿನವೂ ಎಂಟು ಹತ್ತು ಗಂಟೆ ಕೆಲಸಕ್ಕೆ ಹೋಗುವವರಿಗೆ, ಅವಳಿ ಮಕ್ಕಳ ತಾಯಂದಿರಿಗೆ, ಎಲ್ಲಕ್ಕಿಂತ ಮುಖ್ಯವಾಗಿ ದಿನ ತುಂಬುವ ಮೊದಲೇ ಹುಟ್ಟಿ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿರುವ ಕೂಸಿನ ತಾಯಿಗೆ. ಚೀಪುವ ಶಕ್ತಿಯೇ ಇಲ್ಲದ ಕೂಸಿನ ಪರವಾಗಿ ಪಂಪು ಹಗಲಿರುಳೆನ್ನದೆ ಎದೆಯನ್ನು ಎಚ್ಚರವಾಗಿಡಬೇಕು. ಎರಡೂ ಕಡೆ ಒಮ್ಮೆಗೇ ತೆಗೆಯುವ ಪಂಪು ಸಮಯವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತದೆ. ಅರ್ಧ ಗಂಟೆಯ ಊಟದ ಬಿಡುವಿನಲ್ಲಿ ಇದು ಸಣ್ಣ ಅನುಕೂಲವಲ್ಲ. ಆಸ್ಪತ್ರೆಯ ದರ್ಜೆಯ ಯಂತ್ರ ಕೆಲವು ದಿನಗಳಿಗಷ್ಟೇ ಬೇಕಾದರೆ ಬಾಡಿಗೆಗೆ ಸಿಗುತ್ತದೆಯೇ ಎಂದು ವಿಚಾರಿಸಿ. ಹಾಲು ತಗಲುವ ಭಾಗಗಳು ಮಾತ್ರ ಪ್ರತಿ ತಾಯಿಗೂ ಬೇರೆಯೇ ಆಗಬೇಕು. ಒಬ್ಬರ ಬಳಕೆಗೆಂದೇ ಮಾಡಿದ ಪಂಪನ್ನು ಅಕ್ಕನಿಂದ ತಂಗಿಗೆ ತೊಟ್ಟಿಲು ದಾಟಿಸಿದಂತೆ ದಾಟಿಸಬಾರದು.

ಯಾವ ಪಂಪೇ ಆಗಲಿ, ಎದೆಗೆ ಒತ್ತುವ ಬಟ್ಟಲಿನ ಅಳತೆ ಸರಿಯಿರಬೇಕು. ಪೆಟ್ಟಿಗೆಯಲ್ಲಿ ಬಂದದ್ದೇ ಎಲ್ಲರಿಗೂ ಹೊಂದಬೇಕೆಂದಿಲ್ಲ. "ಪಂಪು ನೋಯಿಸುತ್ತದೆ" ಎಂದು ಮೂಲೆಗಿಡುವ ಮೊದಲು ಅಳತೆಯನ್ನು ಪರೀಕ್ಷಿಸಿ. ಶುಚಿತ್ವವಂತೂ ಪಂಪಿನ ಬೆಲೆಗಿಂತ ದೊಡ್ಡ ವಿಷಯ. ಸರಿಯಾಗಿ ತೊಳೆಯದ ಪಂಪಿನ ಭಾಗಗಳಿಂದ ಕ್ರೋನೊಬ್ಯಾಕ್ಟರ್ ಎಂಬ ಸೂಕ್ಷ್ಮಾಣು ಎಳೆಗೂಸಿಗೆ ತಗಲಿದ ಪ್ರಕರಣ ಅಮೆರಿಕದಲ್ಲಿ ನಡೆದ ಮೇಲೆ, 2017ರಲ್ಲಿ ಅಲ್ಲಿನ ರೋಗ ನಿಯಂತ್ರಣ ಕೇಂದ್ರ ತೊಳೆಯುವ ಕ್ರಮವನ್ನು ವಿವರವಾಗಿ ಪ್ರಕಟಿಸಿತು. ಪ್ರತಿ ಸಲವೂ ಬಿಡಿಸಿ, ಸಿಂಕಿನಲ್ಲಿ ಅದ್ದದೆ ಬೇರೆ ಪಾತ್ರೆಯಲ್ಲಿ ಸೋಪುನೀರಿನಿಂದ ತೊಳೆದು, ಪೂರ್ತಿ ಒಣಗಿಸಬೇಕು; ಚಿಕ್ಕ ಕೂಸಾದರೆ ದಿನಕ್ಕೊಮ್ಮೆ ಕುದಿಸಬೇಕು.

ತೆಗೆದ ಹಾಲು 25 ಡಿಗ್ರಿ ಮೀರದ ಕೋಣೆಯಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ನಾಲ್ಕು ದಿನ ಇರುತ್ತದೆ. ರಾಯಚೂರು, ಕಲಬುರಗಿಗಳ ಬೇಸಗೆಯಲ್ಲಿ ಹೊರಗಿಡುವ ಮಾತೇ ಬೇಡ. "ಹಿಂಡಿಟ್ಟ ಹಾಲು ತಂಗಳು" ಎನ್ನುವ ಹಿರಿಯರಿಗೆ ನನ್ನ ವಿನಂತಿ: ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ 1989ರಲ್ಲಿ ಆರಂಭಿಸಿದ ಎದೆಹಾಲಿನ ಬ್ಯಾಂಕು, ಬೇರೆ ತಾಯಂದಿರು ಕೊಟ್ಟ ಹಾಲನ್ನೇ ಸಂಸ್ಕರಿಸಿ, ಕಾದಿಟ್ಟು ಕುಡಿಸಿ, ದುರ್ಬಲ ಶಿಶುಗಳನ್ನು ಸಲಹುತ್ತ ಬಂದಿದೆ. ಹೆತ್ತ ತಾಯಿಯೇ ತೆಗೆದಿಟ್ಟ ಹಾಲಿಗೆ ಅನುಮಾನವೇಕೆ?

ಈಗ ನನಗೆ ನಿಜವಾಗಿ ಹೇಳಬೇಕೆನಿಸಿದ ಮಾತಿಗೆ ಬರುತ್ತೇನೆ. ನಾನು ಕೆಲಸ ಮಾಡಿದ ಶಾಲೆಯೊಂದರಲ್ಲಿ ಕಿರಿಯ ಸಹೋದ್ಯೋಗಿಯೊಬ್ಬರು ಕೂಸಿಗೆ ಮೂರು ತಿಂಗಳಾಗುತ್ತಲೇ ಕೆಲಸಕ್ಕೆ ಮರಳಿದ್ದರು. ನಾಲ್ಕನೆಯ ಪೀರಿಯಡ್ ಹೊತ್ತಿಗೆ ಅವರ ರವಿಕೆ ತೊಯ್ಯುತ್ತಿತ್ತು. ಸೆರಗನ್ನು ಬಿಗಿಯಾಗಿ ಹೊದ್ದು ಪಾಠ ಮುಗಿಸುತ್ತಿದ್ದರು. ಬಿಡುವಿನಲ್ಲಿ ಪ್ರಯೋಗಾಲಯದ ಹಿಂದಿನ ಉಗ್ರಾಣಕ್ಕೆ ಹೋಗಿ ಹಾಲನ್ನು ಟವೆಲಿಗೆ ಹಿಂಡುತ್ತಿದ್ದರು. ಬಾಗಿಲಿಗೆ ಚಿಲಕವಿರಲಿಲ್ಲ, ಹೊರಗೆ ನಾನು ಕಾವಲು ನಿಲ್ಲುತ್ತಿದ್ದೆ. ಒಂದು ಚಿಲಕಕ್ಕಾಗಿ ಕೇಳಿದಾಗ ಆಡಳಿತದವರು ನಕ್ಕು ಸುಮ್ಮನಾದರು. ಕೂಸು ಕುಡಿಯಬೇಕಾದ ಹಾಲು ಟವೆಲಿನ ಪಾಲಾಯಿತು. ಎರಡೇ ತಿಂಗಳಲ್ಲಿ ಬತ್ತಿಯೂ ಹೋಯಿತು. ಆಕೆಗೆ ಆಗ ಎಂಥ ಉತ್ತಮ ಪಂಪು ಕೊಟ್ಟಿದ್ದರೂ ಚಿಲಕವಿಲ್ಲದ ಆ ಕೋಣೆಯಲ್ಲಿ ಏನು ಪ್ರಯೋಜನ?

ಕಾನೂನು ಅಂದಿಗಿಂತ ಮುಂದೆ ಬಂದಿದೆ. 2017ರ ತಿದ್ದುಪಡಿ 12 ವಾರಗಳ ಸಂಬಳಸಹಿತ ರಜೆಯನ್ನು ಮೊದಲ ಎರಡು ಮಕ್ಕಳಿಗೆ 26 ವಾರಗಳಿಗೆ ಏರಿಸಿತು. 50 ಅಥವಾ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರವಿರಬೇಕು. ತಾಯಿ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಿಬರಬಹುದು. ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಲು ದಿನಕ್ಕೆ ಎರಡು ಬಿಡುವುಗಳೂ ಉಂಟು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಈ ಹಕ್ಕುಗಳು ಮುಂದುವರಿದಿವೆ. ಅಮೆರಿಕದಲ್ಲಿರುವ ನಮ್ಮ ಹೆಣ್ಣುಮಕ್ಕಳ ಸ್ಥಿತಿ ಬೇರೆ. 2010ರ ಆರೋಗ್ಯ ಕಾಯಿದೆಯಿಂದಾಗಿ ಅಲ್ಲಿ ವಿಮೆಯ ಮೂಲಕ ಪಂಪು ಸಿಗುತ್ತದೆ, ಆದರೆ ದೇಶಕ್ಕೆಲ್ಲ ಅನ್ವಯಿಸುವ ಸಂಬಳಸಹಿತ ಹೆರಿಗೆ ರಜೆಯ ಕಾಯಿದೆ ಇಲ್ಲ. ಪಂಪು ರಜೆಗೆ ಬದಲಿಯಾಗಬಾರದು. ವಿಶ್ವ ಆರೋಗ್ಯ ಸಂಸ್ಥೆ ಮೊದಲ ಆರು ತಿಂಗಳು ಎದೆಹಾಲೊಂದೇ ಸಾಕೆನ್ನುತ್ತದೆ. ಆ ಆರು ತಿಂಗಳನ್ನು ತಾಯಿಗೆ ಬಿಟ್ಟುಕೊಡುವ ಸಮಾಜಕ್ಕೆ ಎಷ್ಟೋ ಪಂಪುಗಳು ಬೇಕಾಗುವುದೇ ಇಲ್ಲ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಈಗ ತಂದೆಯಾಗಿದ್ದೀರಿ, ಕೆಲವರು ನಾಲ್ಕು ಜನರಿಗೆ ಸಂಬಳ ಕೊಡುವ ಮಾಲೀಕರು. ತಂದೆಯಾದವರು ಪಂಪಿನ ಭಾಗಗಳನ್ನು ತೊಳೆಯುವ ಕೆಲಸವನ್ನು ಹೆಂಡತಿಗೆ ಬಿಡದೆ ತಾವೇ ವಹಿಸಿಕೊಳ್ಳಿ. ಮಾಲೀಕರಾದವರು ಒಂದು ಕೋಣೆ, ಒಂದು ಕುರ್ಚಿ, ಒಂದು ಚಿಲಕ ಒದಗಿಸಿ, ಶೌಚಾಲಯವನ್ನು ತೋರಿಸಬೇಡಿ. ಸೊಸೆಗೆ ಸಾವಿರಾರು ರೂಪಾಯಿಯ ಪಂಪು ತಂದಿರುವ ಮನೆಯವರು, ಅದೇ ಮನೆಗೆ ಪಾತ್ರೆ ತಿಕ್ಕಲು ಬರುವ ಹಸಿಬಾಣಂತಿಯನ್ನೂ ಕಣ್ಣೆತ್ತಿ ನೋಡಿ. ಆಕೆಗೆ ಯಾವ ಸಂಹಿತೆಯ ಬಿಡುವೂ ಕೈಗೆಟುಕಿಲ್ಲ. "ಹೋಗಮ್ಮ, ಮಗುವಿಗೆ ಹಾಲು ಕೊಟ್ಟು ಬಾ" ಎಂದು ಅರ್ಧ ಗಂಟೆ ಕಳುಹಿಸಲು ಕಾನೂನೇನೂ ಬೇಕಿಲ್ಲ.