ಕಾಯಬೇಕಾದವರೇ ಕೈಬಿಟ್ಟರು

1982ರ ಏಪ್ರಿಲ್ 1ರ ರಾತ್ರಿ ಬ್ರಿಟಿಷ್ ವಸಾಹತಾದ ಫಾಕ್‌ಲ್ಯಾಂಡ್ ದ್ವೀಪಗಳ ಗವರ್ನರ್ ರೆಕ್ಸ್ ಹಂಟ್ ರೇಡಿಯೊದಲ್ಲಿ ಮಾತಾಡಿದರು. ಬೆಳಗಾಗುವುದರೊಳಗೆ ಅರ್ಜೆಂಟೀನಾದ ದಂಡು ಬರಬಹುದು, ಸ್ವಯಂಸೇವಕ ರಕ್ಷಣಾ ಪಡೆಯವರು ಕವಾಯತು ಭವನಕ್ಕೆ ಬರಬೇಕು ಎಂದರು. ಬಂದವರು ಕೆಲವೇ ಮಂದಿ. ಹಗಲು ಬೇರೆ ಕೆಲಸ ಮಾಡಿ, ಬಿಡುವಿನಲ್ಲಿ ಬಂದೂಕು ಕಲಿತ ಊರಿನವರು. ರೇಡಿಯೊ ಕೇಂದ್ರ, ವಿದ್ಯುತ್ ಕೇಂದ್ರ, ಟೆಲಿಫೋನ್ ಕಚೇರಿಗಳ ಕಾವಲು ಅವರ ಪಾಲಿಗೆ ಬಂತು. ಜೊತೆಗಿದ್ದ ಬ್ರಿಟಿಷ್ ಮೆರೀನ್ ಯೋಧರು ಎಪ್ಪತ್ತರ ಆಸುಪಾಸು. ಹಳೆಯ ತುಕಡಿ ಹೊರಡುವ ಮೊದಲೇ ಹೊಸದು ಬಂದಿತ್ತು. ಇಲ್ಲವಾದರೆ ಅಷ್ಟೂ ಇರುತ್ತಿರಲಿಲ್ಲ. ಮರುದಿನ ಬೆಳಗ್ಗೆ ಒಂಬತ್ತೂವರೆಯ ಹೊತ್ತಿಗೆ ಹಂಟ್ ಶರಣಾಗತಿಗೆ ಒಪ್ಪಿದರು.

ಸ್ವಯಂಸೇವಕರು ಸಾಕಷ್ಟು ಹೋರಾಡಲಿಲ್ಲ ಎಂದು ಹೇಳುವವರ ಮಾತನ್ನು ನಾವು ಒಪ್ಪುವುದಿಲ್ಲ. 1892ರಲ್ಲಿ ಹುಟ್ಟಿದ ಆ ಪಡೆ ಸೈನ್ಯದ ಬೆನ್ನಿಗೆ ನಿಲ್ಲಬೇಕಾದದ್ದು, ಸೈನ್ಯದ ಬದಲಿಗಲ್ಲ. ಸುಮಾರು 1,800 ಜನರ ವಸಾಹತು ಇನ್ನೆಷ್ಟು ಬಂದೂಕುಗಳನ್ನು ಎತ್ತಬಲ್ಲದು?

ಅಪರಾಧ ಲಂಡನ್ನಿನದು. ದ್ವೀಪಗಳ ರಾಜಧಾನಿ ಸ್ಟಾನ್ಲಿಯ ರನ್‌ವೇ ಉದ್ದ ಮಾಡಿ ಎಂದು, ಅಲ್ಲಿನ ಆರ್ಥಿಕತೆಯನ್ನು ಪರಿಶೀಲಿಸಿದ ಶ್ಯಾಕಲ್ಟನ್ ವರದಿ 1976ರಲ್ಲೇ ಹೇಳಿತ್ತು, ಮಾಡಲಿಲ್ಲ. 1977ರಲ್ಲಿ ಅಪಾಯ ಕಂಡಾಗ ಕ್ಯಾಲಹನ್ ಸರ್ಕಾರ ಗುಟ್ಟಾಗಿ ಒಂದು ಅಣು ಜಲಾಂತರ್ಗಾಮಿಯನ್ನೂ ಎರಡು ಯುದ್ಧನೌಕೆಗಳನ್ನೂ ಕಳಿಸಿತ್ತು. ಎಚ್ಚರವಿದ್ದರೆ ಏನು ಮಾಡಬಹುದು ಎಂಬುದಕ್ಕೆ ಅದೇ ಸಾಕ್ಷಿ. ನಾಲ್ಕು ವರ್ಷ ಕಳೆದ ಮೇಲೆ, ಥ್ಯಾಚರ್ ಸರ್ಕಾರದ ರಕ್ಷಣಾ ಸಚಿವ ಜಾನ್ ನಾಟ್ ಖರ್ಚು ಉಳಿಸಲು ಆ ಕಡಲಿನ ಗಸ್ತು ಹಡಗು ಎಂಡ್ಯೂರೆನ್ಸ್ ಅನ್ನೇ ವಾಪಸು ಕರೆಸಲು ತೀರ್ಮಾನಿಸಿದರು. ಅದೇ 1981ರ ಪೌರತ್ವ ಕಾಯ್ದೆ ಅನೇಕ ದ್ವೀಪವಾಸಿಗಳಿಗೆ ಪೂರ್ಣ ಬ್ರಿಟಿಷ್ ಪೌರತ್ವ ಕೊಡಲಿಲ್ಲ. ಬ್ಯೂನಸ್ ಐರಿಸ್‌ನ ಸೇನಾಡಳಿತ ಇದನ್ನೆಲ್ಲ ಹೇಗೆ ಓದಿಕೊಳ್ಳುತ್ತದೆಂದು ಯೋಚಿಸುವುದು ಒಂದು ಸರ್ಕಾರದ ಕನಿಷ್ಠ ಕೆಲಸ. ಆಕ್ರಮಣ ಮಾಡಿದ ಪಾಪ ಆ ಸೇನಾಡಳಿತದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಾಗಿಲು ತೆರೆದಿಟ್ಟವರು ಬೇರೆ.

ಆಮೇಲೆ ದ್ವೀಪಗಳನ್ನು ಮರಳಿ ಗೆಲ್ಲಲು ಎಂಟು ಸಾವಿರ ಮೈಲಿ ದೂರಕ್ಕೆ ಬ್ರಿಟಿಷ್ ನೌಕಾದಂಡು ಹೊರಟಿತು. ಮುಂದೆ ನಮ್ಮ ವಿರಾಟ್ ಆದ ಹರ್ಮಿಸ್ ಅದರ ಪ್ರಧಾನ ನೌಕೆ. ಸತ್ತವರು 649 ಅರ್ಜೆಂಟೀನಿಯನ್ನರು, 255 ಬ್ರಿಟಿಷ್ ಯೋಧರು. ದ್ವೀಪದ ಮೂವರು ಹೆಂಗಸರು ಬ್ರಿಟಿಷ್ ಶೆಲ್ಲಿಗೇ ಬಲಿಯಾದರು. ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ, ದ್ವೀಪಗಳಲ್ಲಿ ಮೌಂಟ್ ಪ್ಲೆಸೆಂಟ್ ವಾಯುನೆಲೆ 1985ರಲ್ಲಿ ತೆರೆಯಿತು.

ಆಕ್ರಮಣಕ್ಕೆ ಮೊದಲಿನ ಸರ್ಕಾರದ ನಡೆಯನ್ನು ತನಿಖೆ ಮಾಡಿ 1983ರ ಜನವರಿಯಲ್ಲಿ ಬಂದ ಫ್ರಾಂಕ್ಸ್ ವರದಿ ಆ ಲೋಪಗಳನ್ನೆಲ್ಲ ದಾಖಲಿಸಿ, ಸರ್ಕಾರದ ಮೇಲೆ ದೋಷ ಹೊರಿಸಲಾಗದು ಎಂದು ಮುಗಿಸಿತು. ಆ ತೀರ್ಪು ತಪ್ಪು. ಅದರದೇ ಪುಟಗಳು ಅದರ ವಿರುದ್ಧ ನಿಂತಿವೆ.